ಕ್ಲಚ್ಚಿನ ಬಟ್ಟಲಿಗೆ ಮಗ್ಗದ ಎಣ್ಣೆ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ಹೊತ್ತು ಇಷ್ಟು ಖಚಿತವಾಗಿ ನೆನಪಿರುವುದಕ್ಕೆ ಕಾರಣವಿದೆ. ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮಗ್ಗವಿದ್ದ ಮನೆಯವರೆಲ್ಲ ಕರೆಂಟು ಹೋದ ಹೊತ್ತು, ಬಂದ ಹೊತ್ತು ಎರಡನ್ನೂ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತಿದ್ದರು. ನಾಳೆ ಎಷ್ಟು ಹೊತ್ತಿಗೆ ಹೋಗಬಹುದು, ಸೀರೆ ಯಾವಾಗ ಮುಗಿಯಬಹುದು ಎಂದು ಅಂದಾಜು ಮಾಡುವುದಕ್ಕೆ. ನಮ್ಮ ಮನೆಯಲ್ಲಿ ಬರೆಯುವ ಕೆಲಸ ನನ್ನದು. ಆ ದಿನ ಮಾತ್ರ ಅಮ್ಮ ಬರೆದಳು. ನಾನು ಮನೆಯ ಮುಂದಿನ ಅಂಗಳದಲ್ಲಿ, ಕಾರಿನ ಡ್ರೈವರ್ ಸೀಟಿನಲ್ಲಿ, ಕ್ಲಚ್ ಪೆಡಲಿನ ಮೇಲೆ ಬರಿಗಾಲಿಟ್ಟು ಕೂತಿದ್ದೆ. ಅಪ್ಪ ಕಾರಿನ ಅಡಿಯಲ್ಲಿ ಅಂಗಾತ ಮಲಗಿದ್ದರು.

ತೊಂಬತ್ತರ ದಶಕದ ಮೊದಲ ವರ್ಷಗಳು. ನಾನು ಬಿ.ಎಸ್ಸಿ. ಕೊನೆಯ ವರ್ಷದಲ್ಲಿದ್ದೆ. ನಮ್ಮದು ಆರು ಮಗ್ಗದ ಮನೆ. ಸೀರೆಗಳನ್ನು ಬೆಂಗಳೂರಿನ ಅಂಗಡಿಗಳಿಗೆ ಒಯ್ಯಲೆಂದು ಅಪ್ಪ ಒಂದು ಹಳೆಯ ಕಾರು ಕೊಂಡಿದ್ದರು. ಸೆಕೆಂಡ್ ಹ್ಯಾಂಡ್ ಎಂದು ಹೇಳಿ ಮಾರಿದ್ದರು. ಕಾಗದಪತ್ರ ತೆಗೆದು ನೋಡಿದರೆ ನಮ್ಮದು ಐದನೆಯ ಕೈ. ಕಾರಿನ ಬಣ್ಣ ಯಾವುದು ಎಂದು ಯಾರಾದರೂ ಕೇಳಿದರೆ ಅಮ್ಮ "ತುಕ್ಕು" ಎನ್ನುತ್ತಿದ್ದಳು. ಅಪ್ಪ ನಗುತ್ತಿದ್ದರು. ಆ ಕಾರನ್ನು ಅವರು ಮೆಕ್ಯಾನಿಕ್ಕಿನ ಹತ್ತಿರ ಒಯ್ದದ್ದು ಕಡಿಮೆ. ಬೀದಿಯಲ್ಲಿ ಯಾರ ಮನೆಯ ಮಗ್ಗ ಲಾಳಿಯನ್ನು ಹೊರಗೆಸೆದರೂ ಅಪ್ಪನಿಗೇ ಕರೆ ಬರುತ್ತಿತ್ತು. ಅವರು ಹೋಗಿ, ಓಡುತ್ತಿರುವ ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಊರಿ, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು, ಆಮೇಲೆ ಇಂಥದೇ ಬೋಲ್ಟು ಸಡಿಲ ಎಂದು ಹೇಳುತ್ತಿದ್ದರು. ಹಾಗೆ ಹೇಳಿದ್ದು ತಪ್ಪಾದದ್ದನ್ನು ನಾನು ನೋಡಿರಲಿಲ್ಲ. ತಮ್ಮ ಕೈಗಳ ಮೇಲೆ ಅವರಿಗೆ ಇದ್ದ ಆ ನಂಬಿಕೆಯೇ ನಮ್ಮ ಮನೆಯನ್ನು ನಡೆಸುತ್ತಿತ್ತು ಎಂದು ಈಗ ಅನ್ನಿಸುತ್ತದೆ.

ಆ ಕಾರಿನ ಕ್ಲಚ್ಚು ಎಣ್ಣೆಯ ಒತ್ತಡದಿಂದ ಕೆಲಸ ಮಾಡುತ್ತಿತ್ತು. ಬಾನೆಟ್ಟಿನ ಕೆಳಗೆ ಎಣ್ಣೆಯ ಒಂದು ಸಣ್ಣ ಬಟ್ಟಲು, ಅದರ ಬುಡದಲ್ಲಿ ಮೇಲಿನ ಸಿಲಿಂಡರು. ಅಲ್ಲಿಂದ ಒಂದು ತೆಳು ಪೈಪು ಇಳಿದು ಗೇರ್‌ಬಾಕ್ಸಿನ ಪಕ್ಕದ ಕೆಳಗಿನ ಸಿಲಿಂಡರಿಗೆ ಸೇರುತ್ತಿತ್ತು. ಪೆಡಲ್ ತುಳಿದರೆ ಮೇಲಿನದು ಎಣ್ಣೆಯನ್ನು ತಳ್ಳುತ್ತದೆ, ಕೆಳಗಿನದು ಕ್ಲಚ್ಚನ್ನು ಬಿಡಿಸುತ್ತದೆ. ಕೆಳಗಿನದು ಸೋರುತ್ತಿತ್ತು. ಅಪ್ಪ ಬೆಂಗಳೂರಿನಿಂದ ಹೊಸದನ್ನು ತಂದು ಜೋಡಿಸಿದ್ದರು. ಆದರೆ ಜೋಡಿಸಿದ ಮಾತ್ರಕ್ಕೆ ಮುಗಿಯುವುದಿಲ್ಲ. ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಪೂರ್ತಿ ಹೊರಗೆ ತೆಗೆಯಬೇಕು. ಏರ್ ತೆಗೆಯುವುದು ಎನ್ನುತ್ತಾರೆ ಅದಕ್ಕೆ. ಎಣ್ಣೆಯನ್ನು ಅದುಮಲಾಗುವುದಿಲ್ಲ, ಗಾಳಿಯನ್ನು ಅದುಮಬಹುದು; ಹಾಗಾಗಿ ಒಂದು ಗುಳ್ಳೆ ಉಳಿದರೂ ಪೆಡಲು ಮೆತ್ತಗಾಗಿ ಒಳಗಿಳಿದುಬಿಡುತ್ತದೆ. ಇದನ್ನು ಅಪ್ಪನಿಗೆ ನಾನೇ ಕಾಲೇಜಿನ ಪಾಠದಂತೆ ವಿವರಿಸಿದ್ದೆ. ಅವರು "ಸರಿ ಮೇಡಂ" ಎಂದು ಕೈಮುಗಿದು ಕಾರಿನ ಕೆಳಗೆ ನುಸುಳಿದ್ದರು.

ಮಗ್ಗದ ಮನೆಯಲ್ಲಿ ಯಾರೂ ಕೂಗಿ ಕರೆಯುವುದಿಲ್ಲ, ಕೂಗಿದರೆ ಕೇಳುವುದೂ ಇಲ್ಲ. ತಟ್ಟಿ ಕರೆಯುತ್ತೇವೆ. ಅದೇ ಅಭ್ಯಾಸದಲ್ಲಿ ಅಪ್ಪ ಸ್ಪ್ಯಾನರಿನಿಂದ ಕಾರಿನ ತಳಕ್ಕೆ ಒಂದು ಸಲ ತಟ್ಟಿದರೆ ನಾನು ಪೆಡಲ್ ತುಳಿದು ಹಿಡಿಯಬೇಕು. ಅವರು ಕೆಳಗಿನ ಸಿಲಿಂಡರಿನ ಸಣ್ಣ ತಿರುಪನ್ನು ಸಡಿಲಿಸುತ್ತಾರೆ. ಗಾಳಿಯೂ ಎಣ್ಣೆಯೂ ಚಿಮ್ಮಿ ಹೊರಬರುತ್ತವೆ. ತಿರುಪನ್ನು ಬಿಗಿ ಮಾಡಿ ಎರಡು ಸಲ ತಟ್ಟಿದರೆ ನಾನು ಕಾಲು ತೆಗೆಯಬೇಕು. ಏಳೆಂಟು ಸಲಕ್ಕೊಮ್ಮೆ ನಾನು ಇಳಿದು ಹೋಗಿ ಮೇಲಿನ ಬಟ್ಟಲಿಗೆ ಬ್ರೇಕ್ ಆಯಿಲ್ ತುಂಬಬೇಕು. ಕ್ಲಚ್ಚಿಗೂ ಅದೇ ಎಣ್ಣೆ.

"ಬಟ್ಲು ಒಣಗೋಕೆ ಬಿಡ್ಬೇಡ ಕಣವ್ವ. ಅದೊಂದೇ ನಿನ್ನ ಕೆಲ್ಸ," ಎಂದಿದ್ದರು ಅಪ್ಪ.

ಆ ಒಂದೇ ಕೆಲಸವನ್ನು ನಾನು ಎರಡು ಸಲ ಕೆಡಿಸಿದ್ದೆ. ಎಣಿಕೆ ತಪ್ಪಿ ಬಟ್ಟಲು ಬರಿದಾಗಿ ಮತ್ತೆ ಗಾಳಿ ಒಳಗೆ ಹೋಗಿತ್ತು. ಎರಡು ಸಲವೂ ಮೊದಲಿನಿಂದ. ಎರಡನೆಯ ಸಲ ಅಪ್ಪ ಹೊರಗೆ ಬಂದಾಗ ಅವರ ಕಣ್ಣಿಗೆ ಎಣ್ಣೆ ಬಿದ್ದು ಕೆಂಪಾಗಿತ್ತು. ಬೆನ್ನು ಹಿಡಿದುಕೊಂಡು ಎದ್ದರು. ಬಯ್ಯಲಿಲ್ಲ. "ಡಿಗ್ರಿ ಮುಗಿದ್ಮೇಲೆ ಒಂದು ಹತ್ತರವರೆಗೂ ಎಣ್ಸೋದು ಕಲಿ" ಎಂದು ಹೇಳಿ, ಒಂದು ಲೋಟ ನೀರು ಕುಡಿದು ಮತ್ತೆ ಮಲಗಿದರು.

ಮಾರನೆಯ ದಿನ ಅಕ್ಕನನ್ನು ಗಂಡನ ಮನೆಗೆ ಕಳಿಸಬೇಕಿತ್ತು. ಬಾಣಂತನ ಮುಗಿದು ಮಗುವಿಗೆ ಐದು ತಿಂಗಳಾಗಿತ್ತು. ಗಂಡು ಮಗು. ಭಾವನ ಊರು ಮಾಕಳಿದುರ್ಗದ ಆಚೆ, ಗೌರಿಬಿದನೂರು ರಸ್ತೆಯಿಂದ ಒಳಗೆ ತಿರುಗುವ ಒಂದು ಹಳ್ಳಿ. ಮಗಳನ್ನೂ ಮೊಮ್ಮಗನನ್ನೂ ಸ್ವಂತ ಕಾರಿನಲ್ಲಿ, ಸ್ವಂತ ಕೈಯಿಂದ ನಡೆಸಿಕೊಂಡು ಹೋಗಿ ಬಿಡಬೇಕೆಂಬುದು ಅಪ್ಪನ ಆಸೆ.

ಹಾಗಿರುವಾಗ ಕರೆಂಟು ಬಂತು.

ನಮ್ಮ ಬೀದಿಯಲ್ಲಿ ಕರೆಂಟು ಬಂದ ಕ್ಷಣ ಹೇಗಿರುತ್ತಿತ್ತು ಎಂದರೆ, ಊಟಕ್ಕೆ ಕೂತವರು ತಟ್ಟೆ ಬಿಟ್ಟು ಏಳುತ್ತಿದ್ದರು. ತಲೆಗೆ ನೀರು ಹಾಕಿಕೊಳ್ಳುತ್ತಿದ್ದವರು ಒದ್ದೆ ಕೂದಲಲ್ಲೇ ಮಗ್ಗಕ್ಕೆ ಬರುತ್ತಿದ್ದರು. ಎಷ್ಟು ಹೊತ್ತು ಇರುತ್ತದೋ ಗೊತ್ತಿಲ್ಲ, ಇರುವಷ್ಟು ಹೊತ್ತು ಓಡಬೇಕು. ಅಮ್ಮನೂ ಇಬ್ಬರು ಆಳುಗಳೂ ಆಗಲೇ ತಮ್ಮ ತಮ್ಮ ಮಗ್ಗ ಹಾಕಿದ್ದರು. ಅಪ್ಪನ ಎರಡು ಮಗ್ಗ ಮಾತ್ರ ನಿಂತಿದ್ದವು. ಕೆಳಗಿನಿಂದ ಸ್ಪ್ಯಾನರಿನ ಸದ್ದು ಚುರುಕಾಯಿತು. ಒಂದು, ತುಳಿದೆ. ಎರಡು, ಬಿಟ್ಟೆ. ಒಂದು. ಎರಡು. ನಾನು ಇಳಿದು ಬಾನೆಟ್ಟಿನ ಹತ್ತಿರ ಓಡಿ ಡಬ್ಬ ಬಗ್ಗಿಸಿದೆ. ನಾಲ್ಕು ಹನಿ ಬಿತ್ತು. ಮೊದಲೆರಡು ಸಲ ಹಾಳಾದದ್ದರಲ್ಲಿ ಡಬ್ಬ ಖಾಲಿಯಾಗಿತ್ತು.

ಬಟ್ಟಲಿನಲ್ಲಿ ಎಣ್ಣೆ ತಳ ಕಾಣುವಷ್ಟಿತ್ತು. ಬ್ರೇಕ್ ಆಯಿಲ್ ಸಿಗುವ ಅಂಗಡಿ ಬಸ್‌ಸ್ಟ್ಯಾಂಡಿನ ಹತ್ತಿರ. ಭಾನುವಾರ ಮಧ್ಯಾಹ್ನ ಮುಚ್ಚಿರುತ್ತದೆ. ಬಗ್ಗಿ ಅಪ್ಪನಿಗೆ ಹೇಳಬಹುದಿತ್ತು. ಒಂದು ಹೆಜ್ಜೆ ಆಚೆ ಹೋಗಿ ಮಂಡಿಯೂರಿದ್ದರೆ ಆಗುತ್ತಿತ್ತು. ಇಷ್ಟು ವರ್ಷಗಳಲ್ಲಿ ನಾನು ಆ ಒಂದು ಹೆಜ್ಜೆಯನ್ನು ಲೆಕ್ಕವಿಲ್ಲದಷ್ಟು ಸಲ ಇಟ್ಟಿದ್ದೇನೆ. ಆ ದಿನ ಇಡಲಿಲ್ಲ. ಮೂರನೆಯ ಸಲವೂ ನನ್ನಿಂದ ಕೆಟ್ಟಿತು ಎಂದು ಹೇಳುವುದಕ್ಕೆ ಬಾಯಿ ಬರಲಿಲ್ಲ.

ಕಿಟಕಿಯ ಕಟ್ಟೆಯ ಮೇಲೆ ಉದ್ದ ಮೂತಿಯ ಎಣ್ಣೆ ಕ್ಯಾನು ಇತ್ತು. ಮಗ್ಗದ ಎಣ್ಣೆ. ನಮ್ಮ ಮನೆಯಲ್ಲಿ ಕಿರುಗುಡುವ ಎಲ್ಲದಕ್ಕೂ ಅದೇ ಔಷಧಿ. ಬಾಗಿಲಿನ ತಿರುಗಣೆಗೆ, ಸೈಕಲ್ಲಿನ ಚೈನಿಗೆ, ಹೊಲಿಗೆ ಯಂತ್ರಕ್ಕೆ, ಬಾವಿಯ ರಾಟೆಗೆ, ಒಮ್ಮೆ ಅಜ್ಜಿಯ ಮಂಡಿಗೆ ಕೂಡ. ಎಣ್ಣೆಯನ್ನು ಅದುಮಲಾಗುವುದಿಲ್ಲ, ಒತ್ತಡ ಸಾಗಿಸುವುದಷ್ಟೇ ಅದರ ಕೆಲಸ, ಯಾವ ಎಣ್ಣೆಯಾದರೇನು ಎಂದು ನನ್ನ ಓದಿದ ತಲೆ ಹೇಳಿತು. ಕಾಲು ಲೋಟದಷ್ಟು ಸುರಿದೆ. ಓಡಿ ಬಂದು ಸೀಟಿನಲ್ಲಿ ಕೂತೆ. ಒಂದು ಸಲ ತಟ್ಟಿದ ಸದ್ದು ಬಂತು. ತುಳಿದೆ.

ಅಪ್ಪ ಹೊರಬಂದಾಗ ಪೆಡಲನ್ನು ತಾವೇ ಕೈಯಿಂದ ಅದುಮಿ ನೋಡಿದರು. ಮುಖ ಅರಳಿತು.

"ಕಲ್ಲಂಗೆ ನಿಂತಿದೆ ನೋಡೆ! ಒಂದು ಗುಳ್ಳೆ ಉಳಿದಿಲ್ಲ. ಯಾವ ಮೆಕ್ಯಾನಿಕ್ ಮಾಡ್ತಾನೆ ಇದನ್ನ?"

ಮಗ್ಗದ ಕಡೆ ಓಡುತ್ತ ನನ್ನ ತಲೆಯ ಮೇಲೆ ಎಣ್ಣೆಗೈ ಒರೆಸಿ ಹೋದರು. ನಾನು ಹೇಳಲಿಲ್ಲ.

ಬೆಳಿಗ್ಗೆ ಅಮ್ಮ ಅಕ್ಕನಿಗೆ ಮಡಿಲು ತುಂಬಿದಳು. ಬಾಣಂತಿಯನ್ನು ಕಳಿಸಿದ ಮನೆಯನ್ನು ಬೀಗ ಹಾಕಿ ಬಿಡಬಾರದೆಂದು ಅವಳು ಉಳಿದುಕೊಂಡಳು. ನಾನು ಮುಂದೆ ಅಪ್ಪನ ಪಕ್ಕ, ಅಕ್ಕ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ, ಅವಳ ಸುತ್ತ ತೊಟ್ಟಿಲಿನ ಬಟ್ಟೆ, ಹಾಲಿನ ಪುಡಿಯ ಡಬ್ಬಗಳು, ಅಮ್ಮ ಕಟ್ಟಿಕೊಟ್ಟ ತಿಂಡಿ. ಊರು ದಾಟುವಾಗಲೇ ಅಪ್ಪ ಅಂದರು, "ಪೆಡ್ಲು ಸ್ವಲ್ಪ ಬಿಗಿ. ಹೊಸ ಮಾಲಲ್ವಾ, ಪಳಗಬೇಕು."

ರಾಜಘಟ್ಟದ ಕಡೆಗೆ ದಾರಿ ಒಡೆಯುವಲ್ಲಿ ಒಂದು ಎತ್ತಿನ ಗಾಡಿ ಅಡ್ಡ ಬಂತು. ಅಪ್ಪ ಗೇರು ಇಳಿಸಿದರು. ಆಗ ನಾನು ಅದನ್ನು ನೋಡಿದೆ. ಪೆಡಲು ತಾನಾಗಿ ಮೇಲೆ ಬರಲಿಲ್ಲ. ಅಪ್ಪ ಚಪ್ಪಲಿಯ ತುದಿಯನ್ನು ಪೆಡಲಿನ ಕೆಳಗೆ ಸಿಕ್ಕಿಸಿ ಅದನ್ನು ಎತ್ತಿದರು. ಸಹಜವಾಗಿ, ಅದೂ ಗಾಡಿ ಓಡಿಸುವ ಒಂದು ಭಾಗವೇನೋ ಎನ್ನುವಂತೆ. ಮುಂದಿನ ಐದಾರು ಮೈಲಿಯಲ್ಲಿ ಇನ್ನು ಮೂರು ಸಲ ಹಾಗೆ ಎತ್ತಿದರು. ನಾನು ಎಣಿಸುತ್ತಿದ್ದೆ. ಆಗಲಾದರೂ ಹೇಳಬಹುದಿತ್ತು. ಹಿಂದೆ ಅಕ್ಕ ಮಗುವಿಗೆ ಕಿಟಕಿಯಿಂದ ಬೆಟ್ಟ ತೋರಿಸುತ್ತ ಏನೋ ಹಾಡುತ್ತಿದ್ದಳು.

ದೊಡ್ಡ ರಸ್ತೆ ಬಿಟ್ಟು ಭಾವನ ಊರಿಗೆ ತಿರುಗಿದ ಮೇಲೆ ರೈಲು ಹಳಿ ದಾಟಬೇಕು. ಗೇಟಿಲ್ಲದ ಕ್ರಾಸಿಂಗು. ಮಣ್ಣುದಾರಿ ಎತ್ತರಕ್ಕೆ ಹತ್ತಿ, ಹಳಿಗಳ ಮೇಲೆ ಹಾದು, ಆಚೆ ಇಳಿಯುತ್ತದೆ. ಪಕ್ಕದಲ್ಲಿ ಎರಡು ಹುಣಸೆ ಮರ. ಹಣ್ಣಿನ ಕಾಲ, ಒಬ್ಬ ಗಂಡಸು ಉದ್ದ ಕೋಲಿನಿಂದ ಬಡಿಯುತ್ತಿದ್ದ, ಅವನ ಹೆಂಡತಿ ಕೆಳಗೆ ಆರಿಸುತ್ತಿದ್ದಳು. ಅಪ್ಪ ಏರಿನ ಬುಡದಲ್ಲಿ ನಿಲ್ಲಿಸಿ ಎರಡೂ ಕಡೆ ನೋಡಿದರು. ಏನೂ ಇರಲಿಲ್ಲ. ಮೊದಲನೆಯ ಗೇರಿನಲ್ಲಿ ಹತ್ತಿದೆವು. ಮುಂದಿನ ಚಕ್ರಗಳು ಮೊದಲ ಹಳಿ ದಾಟಿ ಎರಡರ ನಡುವೆ ಇಳಿದು ಕಾರು ಕುಲುಕಿತು. ಎಂಜಿನ್ ನಿಂತುಬಿಡುತ್ತದೆಂದು ಅಪ್ಪ ಅರೆಕ್ಷಣ ಕ್ಲಚ್ ತುಳಿದರು.

ಪೆಡಲು ಕೆಳಗೇ ಉಳಿಯಿತು.

ಎಂಜಿನ್ ಕೂಗುತ್ತಿತ್ತು, ಕಾರು ಚಲಿಸುತ್ತಿರಲಿಲ್ಲ. ಅಪ್ಪ ಚಪ್ಪಲಿಯಿಂದ ಎತ್ತಿದರು. ಬಗ್ಗಿ ಕೈಯಿಂದ ಎಳೆದರು. ಪೆಡಲು ಮೇಲೆ ಬಂತು, ಆದರೆ ಬರೀ ಪೆಡಲು. ಒಳಗಿನದು ಏನೂ ಅದರೊಂದಿಗೆ ಬರಲಿಲ್ಲ. ಹುಣಸೆ ಮರದ ಕಡೆಯಿಂದ ಆ ಮನುಷ್ಯ ಕೂಗಿದ, "ಏನ್ ಗುರು, ಅಲ್ಲೇ ಮನೆ ಕಟ್ತೀಯಾ?" ಅವನ ಹೆಂಡತಿ ನಕ್ಕಳು.

ಆಗ ಮಾಕಳಿದುರ್ಗದ ಬೆಟ್ಟದ ತಿರುವಿನಿಂದ ರೈಲಿನ ಕೂಗು ಕೇಳಿಸಿತು.

ಇಲ್ಲಿಂದ ಮುಂದಿನದು ನನಗೆ ಸರಿಯಾದ ಕ್ರಮದಲ್ಲಿ ನೆನಪಿಲ್ಲ, ಅಥವಾ ಬೇರೆ ಬೇರೆ ಕ್ರಮದಲ್ಲಿ ನೆನಪಿದೆ. ಅಪ್ಪ "ಇಳೀರಿ, ಇಳೀರಿ" ಎಂದದ್ದು. ಹಿಂದಿನ ಬಾಗಿಲು ತೊಟ್ಟಿಲ ಬಟ್ಟೆಗೆ ಸಿಕ್ಕಿ ತೆರೆಯದೆ ಹೋದದ್ದು. ನಾನು ಹೊರಗಿನಿಂದ ಜಗ್ಗಿದ್ದು. ಅಕ್ಕ ಮಗುವನ್ನು ಎದೆಗೆ ಅವಚಿಕೊಂಡು ಜಲ್ಲಿಕಲ್ಲಿನ ಮೇಲೆ ಓಡಿ ಮುಗ್ಗರಿಸಿ ಬಿದ್ದದ್ದು. ಮಗುವಿನ ಅಳು ಕೇಳಿಸದ ಒಂದು ಕ್ಷಣ, ಆಮೇಲೆ ಕೇಳಿಸಿದ್ದು. ಕೋಲು ಎಸೆದು ಆ ಮನುಷ್ಯ ಓಡಿ ಬಂದದ್ದು, ಅವನ ಹೆಂಡತಿಯೂ ಸೆರಗು ಸೊಂಟಕ್ಕೆ ಸಿಕ್ಕಿಸಿ ನನ್ನ ಪಕ್ಕ ನಿಂತು ಕಾರಿನ ಹಿಂಭಾಗಕ್ಕೆ ಭುಜ ಕೊಟ್ಟದ್ದು.

"ಬಿಟ್ಟು ಬಾರಯ್ಯೋ! ಡಬ್ಬ ಹೋದ್ರೆ ಹೋಗ್ಲಿ!" ಎಂದು ಆ ಮನುಷ್ಯ ಅಪ್ಪನಿಗೆ ಬೈದ. ಬೈಯುತ್ತಲೇ ತಳ್ಳುತ್ತಿದ್ದ.

ಅಪ್ಪ ಡ್ರೈವರ್ ಬಾಗಿಲ ಬಳಿ ನಿಂತು ಒಂದು ಕೈಯಲ್ಲಿ ಸ್ಟೀರಿಂಗ್ ಹಿಡಿದು ತಳ್ಳುತ್ತಿದ್ದರು. ಚಕ್ರ ಎರಡನೆಯ ಹಳಿಗೆ ತಾಗಿ ಹಿಂದೆ ಬಂತು. ಮತ್ತೆ ತಾಗಿ ಹಿಂದೆ ಬಂತು. ಮೂರನೆಯ ಸಲ ಏರಿತು. ಹಿಂದಿನ ಚಕ್ರಗಳೂ ಒಂದೊಂದಾಗಿ ದಾಟಿದವು. ಕಾರು ಆಚೆಯ ಇಳಿಜಾರಿನಲ್ಲಿ ತಾನೇ ಉರುಳಿತು. ಅಪ್ಪ ಅದರೊಂದಿಗೆ ಓಡಿ ಒಳಗೆ ಹಾರಿ ಬ್ರೇಕ್ ತುಳಿದರು. ನಾನು ತಿರುಗಿದಾಗ ಗೂಡ್ಸ್ ಗಾಡಿ ಬಂತು. ಅದು ನಮ್ಮಿಂದ ಎಷ್ಟು ದೂರದಲ್ಲಿತ್ತು ಎಂದು ಕೇಳಿದವರಿಗೆಲ್ಲ ಬೇರೆ ಬೇರೆ ಉತ್ತರ ಕೊಟ್ಟಿದ್ದೇನೆ. ಅದರ ಗಾಳಿಗೆ ನನ್ನ ಲಂಗ ಕಾಲಿಗೆ ಸುತ್ತಿಕೊಂಡಿತು, ಅಷ್ಟು ಹತ್ತಿರ. ಡಬ್ಬಿಗಳು ಮುಗಿಯಲೇ ಇಲ್ಲ. ಅಕ್ಕ ಹಳಿಯ ಈಚೆ, ನಾವು ಆಚೆ. ಡಬ್ಬಿಗಳ ನಡುವಿನ ಸಂದಿಯಲ್ಲಿ ಅವಳು ಕಾಣುತ್ತಿದ್ದಳು, ಮರೆಯಾಗುತ್ತಿದ್ದಳು, ಕಾಣುತ್ತಿದ್ದಳು.

ಅಕ್ಕನ ಮಂಡಿ ಒಡೆದಿತ್ತು. ಮಗುವಿನ ಹಣೆ ಕಲ್ಲಿಗೆ ತರಚಿ ರಕ್ತ ಬಂದಿತ್ತು. ಆಮೇಲೆ ಮೂರು ಹೊಲಿಗೆ ಹಾಕಿದರು. ಬೇರೆ ಯಾರಿಗೂ ಏನೂ ಆಗಲಿಲ್ಲ. ಹುಣಸೆ ಆರಿಸುತ್ತಿದ್ದ ಹೆಂಗಸು ತನ್ನ ತಂಬಿಗೆಯ ನೀರನ್ನು ಎಲ್ಲರಿಗೂ ಕುಡಿಸಿದಳು.

ಅಪ್ಪ ಹಳಿ ದಾಟಿ ಅಕ್ಕನ ಬಳಿಗೆ ಹೋಗಿ ಮಗುವಿಗೆ ಕೈ ಚಾಚಿದರು.

"ನಂದೇ ತಪ್ಪು ಕಣವ್ವ. ಎಲ್ಲೋ ಏರ್ ಉಳಿಸ್ಬಿಟ್ಟಿದ್ದೀನಿ. ನನ್ನ ಕೈ ಕೆಲ್ಸಾನೇ ಕೈಕೊಡ್ತು."

ಅಕ್ಕ ಮಗುವನ್ನು ಆಚೆಗೆ ತಿರುಗಿಸಿಕೊಂಡಳು.

"ಮುಟ್ಬೇಡಿ ಅಪ್ಪ. ಮೆಕ್ಯಾನಿಕ್ ಹತ್ರ ಬಿಡಿ ಅಂತ ಎಷ್ಟ್ ಸಲ ಹೇಳ್ದೆ? ಎಲ್ಲಾ ನಂಗೇ ಗೊತ್ತು, ಎಲ್ಲಾ ನಂಗೇ ಗೊತ್ತು! ಇವನಿಗೇನಾದ್ರೂ ಆಗಿದ್ರೆ ಏನ್ ಮಾಡ್ತಿದ್ರಿ? ಮುಟ್ಬೇಡಿ."

ಅಪ್ಪನ ಚಾಚಿದ ಕೈಗಳು ಸ್ವಲ್ಪ ಹೊತ್ತು ಹಾಗೇ ಇದ್ದವು. ಅಂಗೈಯ ಗೆರೆಗಳಲ್ಲಿ ಇನ್ನೂ ಹಿಂದಿನ ದಿನದ ಕಪ್ಪು ಇತ್ತು. ಅವರ ಹಿಂದೆ ಎರಡು ಮಾರು ದೂರದಲ್ಲಿ ನಾನು ನಿಂತಿದ್ದೆ, ಬಾಯಿ ಮುಚ್ಚಿಕೊಂಡು.

ಭಾವ ಊರಿನಿಂದ ಟ್ರ್ಯಾಕ್ಟರ್ ತಂದು ಕಾರನ್ನು ಎಳೆಸಿ ತಮ್ಮ ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಅಪ್ಪನನ್ನೂ ನನ್ನನ್ನೂ ಬಸ್ಸು ಹತ್ತಿಸಿದರು. ಅವರು ಒಂದು ಕಟು ಮಾತನ್ನೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು. ಅವರ ತಾಯಿ ಮಾತ್ರ, "ಇನ್ಮೇಲೆ ಹಬ್ಬಕ್ಕೆ ಕಳಿಸೋದಿದ್ರೆ ನಾವೇ ಬಸ್ಸಲ್ಲಿ ಕರ್ಕೊಂಡ್ ಬರ್ತೀವಿ, ನೀವು ತೊಂದ್ರೆ ತಗೋಬೇಡಿ" ಎಂದರು.

ಆಮೇಲೆ ನಮ್ಮ ಮನೆಯಲ್ಲಿ ಆದದ್ದನ್ನು ನಾನು ದಿನವೂ ನೋಡಿದೆ. ಅಪ್ಪ ಮಗ್ಗದ ಬೋಲ್ಟು ಬಿಗಿ ಮಾಡಿ ಎರಡು ಹೆಜ್ಜೆ ಹೋಗಿ, ಹಿಂದೆ ಬಂದು ಮತ್ತೆ ಬಿಗಿ ಮಾಡುತ್ತಿದ್ದರು. ಬಿಗಿಯಾಗಿ ಬಿಗಿಯಾಗಿ ಒಂದು ದಿನ ಬೋಲ್ಟಿನ ತಲೆಯೇ ತುಂಡಾಯಿತು. ಚೌಕಟ್ಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚುವುದನ್ನು ಬಿಟ್ಟರು. ಪಕ್ಕದ ಮನೆಯವರು ಬಂದು, "ಏನಣ್ಣ, ಲಾಳಿ ಹಾರ್ತಾ ಐತೆ, ಒಂಚೂರು ನೋಡ್ಬಾ" ಎಂದರೆ, "ಬೇರೆಯವ್ರನ್ನ ಕರ್ಕೊಳ್ಳಪ್ಪ, ನನ್ನ ಕೈ ಸರಿಯಿಲ್ಲ" ಎನ್ನುತ್ತಿದ್ದರು. ಅವರು ಸುಮ್ಮನೆ ತಮಾಷೆ ಮಾಡುತ್ತಿದ್ದಾರೆಂದು ಮೊದಲ ಸಲ ಪಕ್ಕದ ಮನೆಯವರು ನಕ್ಕರು. ಎರಡನೆಯ ಸಲ ನಗಲಿಲ್ಲ. ಬೆಳಿಗ್ಗೆ ಎದ್ದಾಗ ಅಪ್ಪನ ಕಣ್ಣುಗಳು ಕೆಂಪಗಿರುತ್ತಿದ್ದವು. ನಿದ್ದೆ ಬಂದರೂ ರೈಲಿನ ಕೂಗು ಕೇಳಿ ಎಚ್ಚರವಾಗುತ್ತದೆ ಎಂದು ಅಮ್ಮನಿಗೆ ಹೇಳಿದ್ದರಂತೆ. ನನಗೂ ಹಾಗೇ ಆಗುತ್ತಿತ್ತು. ನಾನು ಯಾರಿಗೂ ಹೇಳಿರಲಿಲ್ಲ.

ಇಪ್ಪತ್ತಾರು ದಿನ ನಾನು ಬಾಯಿ ಬಿಡಲಿಲ್ಲ. ಪರೀಕ್ಷೆ ಹತ್ತಿರ ಬಂದಿದೆ ಎಂದುಕೊಂಡೆ. ಎಣ್ಣೆಯಿಂದಲೇ ಆಯಿತೆಂದು ಯಾರಿಗೆ ಗೊತ್ತು ಎಂದುಕೊಂಡೆ. ನಿಜವಾಗಿ ಏರ್ ಉಳಿದಿರಬಹುದು ಎಂದೂ ಅಂದುಕೊಂಡೆ. ಪೆಡಲು ಕಲ್ಲಿನಂತೆ ನಿಂತಿದ್ದನ್ನು ನನ್ನದೇ ಕಾಲು ಕಂಡಿತ್ತು, ಆದರೂ.

ಇಪ್ಪತ್ತಾರನೆಯ ದಿನ ಊರಿನ ಮೆಕ್ಯಾನಿಕ್ ಸಾಬರು ಮನೆಗೆ ಬಂದರು. ಭಾವನ ಕೊಟ್ಟಿಗೆಗೆ ಹೋಗಿ ಕಾರಿನ ಮೇಲಿನ ಸಿಲಿಂಡರು ಬಿಚ್ಚಿ, ಅದನ್ನೂ ಅದರೊಳಗಿನ ರಬ್ಬರ್ ಬಿಲ್ಲೆಯನ್ನೂ ಕಾಗದದಲ್ಲಿ ಸುತ್ತಿ ತಂದಿದ್ದರು.

"ಭಾಯ್, ನೀವ್ ಹಾಕಿದ್ದು ಕೆಳಗಿಂದು. ಅದು ಫಸ್ಟ್‌ಕ್ಲಾಸ್ ಇದೆ. ಹೋಗಿರೋದು ಮೇಲಿಂದು. ರಬ್ಬರ್ ನೋಡಿ, ನೀರಲ್ ಬಿದ್ದ ಶಾವಿಗೆ ಥರ ಊದಿದೆ. ಯಾಕೆ ಅಂತ ನಂಗೂ ಗೊತ್ತಾಗ್ತಿಲ್ಲ."

ಅವರು ಹೋದ ಮೇಲೆ ಕರೆಂಟು ಹೋಯಿತು. ಬೀದಿಯೆಲ್ಲ ಒಮ್ಮೆಲೇ ನಿಶ್ಶಬ್ದವಾಯಿತು. ಅಪ್ಪ ಮಗ್ಗದ ಪಕ್ಕದ ಮಣೆಯ ಮೇಲೆ ಕೂತು ಆ ಬಿಲ್ಲೆಯನ್ನು ಬೆರಳುಗಳಲ್ಲಿ ತಿರುಗಿಸುತ್ತಿದ್ದರು. "ಇದನ್ನ ನಾನು ಮುಟ್ಟೇ ಇರ್ಲಿಲ್ಲವಲ್ಲ," ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. "ಮುಟ್ಟದೇನೇ ಹೆಂಗ್ ಕೆಡಿಸ್ದೆ?"

ಆ ಮಾತನ್ನು ನನಗೆ ತಡೆಯಲಾಗಲಿಲ್ಲ. ನಿಂತಲ್ಲಿಂದಲೇ ಹೇಳಿಬಿಟ್ಟೆ. ಡಬ್ಬ ಖಾಲಿಯಾದದ್ದು, ಕಿಟಕಿಯ ಮೇಲಿನ ಕ್ಯಾನು, ದಾರಿಯಲ್ಲಿ ಅವರು ಪೆಡಲು ಎತ್ತುವುದನ್ನು ನೋಡುತ್ತ ಕೂತದ್ದು, ಎಲ್ಲ.

ಅಪ್ಪ ಬಿಲ್ಲೆ ತಿರುಗಿಸುವುದನ್ನು ನಿಲ್ಲಿಸಿದರು.

"ಎಷ್ಟು ಹಾಕ್ದೆ?"

"ಕಾಲು ಲೋಟ."

"ನಂಗೆ ಸುಳ್ಳು ಸಮಾಧಾನ ಹೇಳ್ತಿಲ್ಲ ತಾನೆ?"

"ಇಲ್ಲ ಅಪ್ಪ."

ಅವರು ನಂಬಲಿಲ್ಲ. ಸಂಕಟ ನೋಡಲಾರದೆ ಮಗಳು ತಪ್ಪನ್ನು ಮೈಮೇಲೆ ಹಾಕಿಕೊಳ್ಳುತ್ತಿದ್ದಾಳೆ ಎಂದೇ ಅವರಿಗೆ ಅನ್ನಿಸಿತ್ತು. ಎದ್ದು ಚಪ್ಪಲಿ ಮೆಟ್ಟಿ ಬಸ್‌ಸ್ಟ್ಯಾಂಡಿನ ಅಂಗಡಿಗೆ ಹೋದರು. ಒಂದೇ ಅಳತೆಯ ಎರಡು ಹೊಸ ರಬ್ಬರ್ ಬಿಲ್ಲೆಗಳನ್ನೂ ಒಂದು ಡಬ್ಬ ಬ್ರೇಕ್ ಆಯಿಲನ್ನೂ ತಂದರು. ಅಮ್ಮನ ಎರಡು ಸ್ಟೀಲ್ ಬಟ್ಟಲು ತೆಗೆದು ಒಂದಕ್ಕೆ ಬ್ರೇಕ್ ಆಯಿಲ್, ಇನ್ನೊಂದಕ್ಕೆ ಮಗ್ಗದ ಎಣ್ಣೆ ಸುರಿದು, ಒಂದೊಂದು ಬಿಲ್ಲೆ ಹಾಕಿ ಕಿಟಕಿಯ ಬಿಸಿಲಿಗೆ ಇಟ್ಟರು. ಅಮ್ಮ ಕೇಳಿದ್ದಕ್ಕೆ, "ಉಪ್ಪಿನಕಾಯಿ ಹಾಕ್ತಿದ್ದೀನಿ, ಮುಟ್ಬೇಡ" ಎಂದರು. ಎಷ್ಟೋ ದಿನಗಳ ಮೇಲೆ ಅವರ ಬಾಯಿಂದ ಬಂದ ತಮಾಷೆ. ನನಗೆ ಮಾತ್ರ ನಗು ಬರಲಿಲ್ಲ.

ಎರಡು ದಿನ ಬಿಟ್ಟು, ಮಧ್ಯಾಹ್ನ, ಅಪ್ಪ ನನ್ನನ್ನು ಕರೆದರು. ಬ್ರೇಕ್ ಆಯಿಲಿನಲ್ಲಿದ್ದ ಬಿಲ್ಲೆಯನ್ನು ತೆಗೆದು ಒರೆಸಿ ಸಿಲಿಂಡರಿನ ಬಾಯಿಗೆ ಇಟ್ಟು ಬೆರಳಿಂದ ತಳ್ಳಿದರು. ಸಲೀಸಾಗಿ ಜಾರಿ ಹೋಯಿತು. ಮಗ್ಗದ ಎಣ್ಣೆಯಲ್ಲಿದ್ದದ್ದನ್ನು ತೆಗೆದರು. ಅದು ಮೆತ್ತಗಾಗಿ, ಅಂಚು ಹೊರಕ್ಕೆ ಬಾಗಿ ದೊಡ್ಡದಾಗಿತ್ತು. ಸಿಲಿಂಡರಿನ ಬಾಯಿಯಲ್ಲಿ ಕೂರಲೇ ಇಲ್ಲ. ಹೆಬ್ಬೆರಳಿನಿಂದ ಒತ್ತಿದರು. ಸ್ವಲ್ಪ ಒಳಗೆ ಹೋಗಿ ಕಚ್ಚಿಕೊಂಡಿತು. ಮತ್ತೆ ಹೊರಗೆ ಬರಲಿಲ್ಲ.

"ನನ್ನ ಕೈಯ ತಪ್ಪಲ್ಲ," ಎಂದರು ಅಪ್ಪ. ತೀರಾ ಮೆಲ್ಲಗೆ. ಎರಡೂ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಬಹಳ ದಿನದಿಂದ ಕಾಣದಿದ್ದ ಯಾರನ್ನೋ ನೋಡುವಂತೆ ನೋಡಿಕೊಂಡರು. ಅವರ ಮುಖದಲ್ಲಿ ಸಂತೋಷ ಮೂಡಿತು. ಆಮೇಲೆ ತಲೆಯೆತ್ತಿ ನನ್ನನ್ನು ಕಂಡರು, ಅದು ಆರಿಹೋಯಿತು.

"ಆವತ್ತೇ ಯಾಕ್ ಹೇಳ್ಲಿಲ್ಲವ್ವ?"

"ಮೂರನೇ ಸಲ ಆಗ್ತಿತ್ತು ಅಪ್ಪ. ನಿಮ್ಮ ಬೆನ್ನು…"

"ಮೂರನೇ ಸಲ ಆದ್ರೆ ಏನಾಗ್ತಿತ್ತು? ಇನ್ನೊಂದ್ ಸಲ ಮಾಡ್ತಿದ್ದೆ. ನಿನ್ನ ನಾಲ್ಕು ಮಾತು ಬೈತಿದ್ದೆ. ಅಷ್ಟೇ ಅಲ್ವಾ?"

ಅಷ್ಟೇ. ನಿಜವಾಗಿಯೂ ಅಷ್ಟೇ ಆಗುತ್ತಿತ್ತು. ಆ ಅಷ್ಟನ್ನು ತಪ್ಪಿಸಲು ನಾನು ಮಾಡಿದ್ದೇನು ಎಂದು ಅಪ್ಪ ಬಾಯಿಬಿಟ್ಟು ಹೇಳಲಿಲ್ಲ. ಬಟ್ಟಲುಗಳನ್ನು ತಾವೇ ಬಾವಿಕಟ್ಟೆಗೆ ಒಯ್ದು ಸೋಪು ಹಾಕಿ ತೊಳೆದರು. ಅದಾದ ಮೇಲೆ ಹಲವು ದಿನ ನನ್ನೊಂದಿಗೆ ಅವರ ಮಾತು, ಊಟ ಆಯ್ತಾ, ಕಾಲೇಜಿಗೆ ಹೊತ್ತಾಯ್ತು, ಇಷ್ಟರಲ್ಲೇ ಇತ್ತು. ಕೋಪವೆನ್ನಲಾರೆ. ನನ್ನನ್ನು ಹೇಗೆ ನೋಡಬೇಕೆಂದು ಅವರಿಗೆ ತಿಳಿಯುತ್ತಿರಲಿಲ್ಲ.

ಅಕ್ಕನಿಗೆ ಹೇಳಬೇಕಾದವಳು ನಾನೇ. ಮುಂದಿನ ಭಾನುವಾರ ಅಪ್ಪನೂ ನಾನೂ ಬಸ್ಸಿನಲ್ಲಿ ಹೋದೆವು. ಬಸ್ಸು ದೊಡ್ಡ ರಸ್ತೆಯಲ್ಲೇ ಬಿಟ್ಟಿತು. ನಡೆದು ಹಳಿ ದಾಟುವಾಗ ಅಪ್ಪ ನನ್ನ ಮೊಣಕೈ ಹಿಡಿದುಕೊಂಡರು, ದಾಟಿದ ಮೇಲೆ ಬಿಟ್ಟರು. ಅಕ್ಕ ಜಗುಲಿಯ ಮೇಲೆ ಕೂತು ಅವರೆಕಾಳು ಹಸನು ಮಾಡುತ್ತಿದ್ದಳು. ಮಗು ಚಾಪೆಯ ಮೇಲೆ ಬೋರಲಾಗಿತ್ತು. ಅದರ ಹಣೆಯ ಗಾಯ ಒಣಗಿ ಒಂದು ಗುಲಾಬಿ ಗೆರೆಯಾಗಿತ್ತು. ನಾನು ನಿಂತೇ ಹೇಳಿದೆ. ಅಪ್ಪ ಮಧ್ಯೆ ಬಾಯಿ ಹಾಕಿ, "ಚಿಕ್ಕವಳು, ಗೊತ್ತಿಲ್ದೆ…" ಎಂದರು.

"ಚಿಕ್ಕವಳಾ? ಬಿ.ಎಸ್ಸಿ. ಓದ್ತಾವ್ಳೆ!" ಎಂದಳು ಅಕ್ಕ. ನನ್ನ ಕಡೆ ತಿರುಗಿದಳು. "ಎಣ್ಣೆ ಹಾಕಿದ್ದು ಬಿಡು, ಗೊತ್ತಿರ್ಲಿಲ್ಲ. ನಾನು ಅಪ್ಪನ್ನ ಬೈವಾಗ ಹಿಂದೆ ನಿಂತಿದ್ದೆ ಅಲ್ವಾ ನೀನು? ಕೇಳಿಸ್ಕೊಂಡು ನಿಂತಿದ್ದೆ ಅಲ್ವಾ?"

ನಾನು ಹೂಂ ಎಂದೆ.

ಅಕ್ಕ ಎದ್ದು ಮಗುವನ್ನು ಎತ್ತಿ ಅಪ್ಪನ ತೊಡೆಯ ಮೇಲೆ ಕೂರಿಸಿದಳು. ಅಪ್ಪ ಅದನ್ನು ಹಿಡಿಯಲು ಒಂದು ಕ್ಷಣ ಹಿಂಜರಿದು, ಎರಡೂ ಕೈ ಒರೆಸಿಕೊಂಡು, ಹಿಡಿದರು. ಅಕ್ಕ ಅವರ ಮುಂದೆ ಕೂತು ಅವರ ಮಂಡಿಗೆ ಹಣೆ ತಾಗಿಸಿ ಅತ್ತಳು. ನಾನು ಕೈ ಚಾಚಿದಾಗ ಮಗುವನ್ನು ನನಗೆ ಕೊಡಲಿಲ್ಲ. ಒಂದು ಲೋಟ ಮಜ್ಜಿಗೆ ಕೊಟ್ಟಳು.

ಅಂದು ಸಂಜೆಯ ಬಸ್ಸಿನಲ್ಲೇ ಅಪ್ಪ ಕಿಟಕಿಗೆ ತಲೆಯಾನಿಸಿ ನಿದ್ದೆ ಹೋದರು. ಮಾರನೆಯ ಬೆಳಿಗ್ಗೆ ಅಮ್ಮ, "ರಾತ್ರಿಯೆಲ್ಲ ಗೊರಕೆ, ನಂಗೇ ನಿದ್ದೆ ಬರ್ಲಿಲ್ಲ" ಎಂದು ದೂರಿದಳು. ಹಾಗೆ ದೂರುವಾಗ ಅವಳ ಕಣ್ಣು ಒದ್ದೆಯಾಗಿತ್ತು. ಆ ವಾರವೇ ಪಕ್ಕದ ಮನೆಯ ಮಗ್ಗ ನೋಡಲು ಅಪ್ಪ ಹೋದರು. ಕಾರನ್ನು ಮಾತ್ರ ಸಾಬರ ಮೂಲಕ ಮಾರಿಸಿಬಿಟ್ಟರು. ಅಪ್ಪ ಮತ್ತೆಂದೂ ಗಾಡಿ ಕೊಳ್ಳಲಿಲ್ಲ, ಯಾವ ಕೆಲಸಕ್ಕೂ ನನ್ನನ್ನು ಜೊತೆಗೆ ಕರೆಯಲಿಲ್ಲ.

ನನ್ನ ನಿದ್ದೆ ಮರಳುವುದು ನಿಧಾನವಾಯಿತು. ಪರೀಕ್ಷೆ ಬರೆದೆ, ಪಾಸೂ ಆದೆ. ಅಕ್ಕ ತನ್ನ ಕಾಗದಗಳಲ್ಲಿ ಎಲ್ಲರನ್ನೂ ಕೇಳಿರುತ್ತಿದ್ದಳು, ನನ್ನನ್ನು ಬಿಟ್ಟು. ಅವಳ ಮಾತು ಸರಿಯಾಗಿತ್ತು. ಎಣ್ಣೆಯ ಕಾಲು ಲೋಟಕ್ಕಿಂತ ಆ ಇಪ್ಪತ್ತಾರು ದಿನ ದೊಡ್ಡದು. ಎಚ್ಚರವಾದಾಗಲೆಲ್ಲ ನಾನು ಅದನ್ನೇ ಲೆಕ್ಕ ಹಾಕುತ್ತಿದ್ದೆ. ಯಾವ ದಿನ ಹೇಳಿದ್ದರೆ ಅಪ್ಪನಿಗೆ ಎಷ್ಟು ದಿನದ ಸಂಕಟ ತಪ್ಪುತ್ತಿತ್ತು ಎಂದು.

ಗೌರಿ ಹಬ್ಬಕ್ಕೆ ಅಕ್ಕ ಬಂದಳು, ಭಾವನ ಜೊತೆ, ಬಸ್ಸಿನಲ್ಲಿ. ಮಗು ಅಷ್ಟು ಹೊತ್ತಿಗೆ ಗೋಡೆ ಹಿಡಿದು ನಿಲ್ಲುತ್ತಿತ್ತು. ಹಬ್ಬದ ದಿನ ಅವಳು ನನ್ನೊಂದಿಗೆ ಬೇಕಾದಷ್ಟೇ ಮಾತಾಡಿದಳು. ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಗಣಪತಿ ತರಲು ಹೊರಟಿದ್ದರು. ಮಗುವಿಗೆ ಮೈ ಬೆಚ್ಚಗಿತ್ತು. ನಾನು ಒಳಕೋಣೆಯಲ್ಲಿ ಬಟ್ಟೆ ಮಡಿಸುತ್ತಿದ್ದೆ. ಅಕ್ಕ ಬಂದು ಬಾಗಿಲಲ್ಲಿ ನಿಂತಳು, ಏನೋ ಯೋಚಿಸಿದಳು, ಮಗುವನ್ನು ತಂದು ನನ್ನ ಮಡಿಲಿಗೆ ಹಾಕಿದಳು.

"ಎದ್ರೆ ರಾಗಿಗಂಜಿ ಕೊಡು. ಬಿಸಿ ನೋಡ್ಕೊಂಡು ಕೊಡೇ, ಹಂಗೇ ಸುರೀಬೇಡ."

ಅಷ್ಟೇ ಹೇಳಿ ಹೋದಳು. ಮಧ್ಯಾಹ್ನದವರೆಗೆ ಅವಳು ಬರಲಿಲ್ಲ. ಮಗು ನನ್ನ ತೋಳಿನ ಮೇಲೆ ಬೆವರಿ, ಜ್ವರ ಬಿಟ್ಟು, ನನ್ನ ಬಳೆ ಕಚ್ಚುತ್ತ ಆಡಿತು. ಅಂದು, ಗಣಪತಿ ಹಬ್ಬದ ದಿನ, ನಾನು ಎಲ್ಲರಿಗಿಂತ ಮೊದಲು ಮಲಗಿದೆ. ಕಣ್ಣು ಬಿಟ್ಟಾಗ ಬೆಳಕಾಗಿತ್ತು, ಬೀದಿಯ ಮಗ್ಗಗಳೆಲ್ಲ ಆಗಲೇ ಓಡುತ್ತಿದ್ದವು.